ಎರೆ ನೆಲದಲ್ಲಿ ಬಾರ್ಬೆಕ್ಯೂ ಕಟ್ಟೆ: ನಿಮ್ಮ ಪ್ರಶ್ನೆಗೆ
ಗದಗಿನ ಮನೆಯ ಹಿತ್ತಲಲ್ಲಿ ಬಾರ್ಬೆಕ್ಯೂ, ಜೊತೆಗೊಂದು ರೊಟ್ಟಿ ಒಲೆ ಕಟ್ಟಿಸಬೇಕು, ಗ್ರಾನೈಟ್ ಹಾಕಿಸಿದರೆ ಸಾಕಾ ಅಂತ ಕೇಳಿದ್ದೀರಿ. ಸರ್, ಗ್ರಾನೈಟ್ ಆಮೇಲೆ. ಮೊದಲು ನೆಲ ನೋಡಿ. ನಿಮ್ಮದು ಎರೆ ಮಣ್ಣು, ಅಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು, ಅಂದಿದ್ದೀರಿ. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಕಟ್ಟೆಯೂ ಅದರ ಜೊತೆಗೇ ಸೀಳುತ್ತದೆ. ಎರೆ ತೆಗೆಸಿ, ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು) ತುಂಬಿಸಿ, ನೀರು ಹೊಡೆದು ಗಟ್ಟಿಯಾಗಿ ಬಡಿಸಿ, ಆಮೇಲೆ ಕಾಂಕ್ರೀಟ್ ಹಾಕಿಸಿ. ಎಷ್ಟು ಆಳ ಅನ್ನೋದನ್ನು ನಿಮ್ಮೂರ ಗೌಂಡಿ ಜಾಗ ನೋಡಿ ಹೇಳಲಿ. ಮಳೆನೀರು ಬುಡದಲ್ಲಿ ನಿಲ್ಲಬಾರದು.

ಬೆಂಕಿ ತಾಗುವ ಒಳಗೋಡೆಗೆ ಕಾವು ತಡೆಯುವ ಇಟ್ಟಿಗೆ, ಅಂದರೆ ಫೈರ್ ಬ್ರಿಕ್ಕೇ ಬೇಕು, ಅದಕ್ಕೆಂದೇ ಸಿಗುವ ಗಾರೆಯೂ ಬೇಕು. ಸಾದಾ ಸಿಮೆಂಟ್ ಕಾವಿಗೆ ಉದುರುತ್ತದೆ. ಗ್ರಾನೈಟ್ ತರಕಾರಿ ಹೆಚ್ಚುವ ಕಡೆ ಇರಲಿ, ಕೆಂಡದ ಪಕ್ಕ ಬೇಡ. ಜಾಲರಿ ಕೆಂಡದಿಂದ 4ರಿಂದ 6 ಇಂಚು ಮೇಲಿರಲಿ. ಕೋಳಿ, ಪನೀರ್ ಅಷ್ಟೇ ಅಲ್ಲ, ಬದನೆಕಾಯಿ ಸುಡಲಿಕ್ಕೂ ಆಯಿತು, ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ ಕಾಲಕ್ಕೂ ಆಯಿತು!

ರೊಟ್ಟಿ ಒಲೆಯ ಎತ್ತರ ಮಾತ್ರ ನೀವೇ ತೀರ್ಮಾನ ಮಾಡಬೇಡಿ. ಬಡಿಯುವವರು ಕೂತು ಬಡಿಯುತ್ತಾರೋ, ನಿಂತೋ ಕೇಳಿ.

ಮಳೆಗಾಲದಲ್ಲಿ ಪಡುವಣ ಗಾಳಿ ಜೋರು, ಹಾಗಾಗಿ ಆ ಕಡೆ ಗೋಡೆ ಇರಲಿ. ನಿಮ್ಮ ಜಿಲ್ಲೆಯ ಕಪ್ಪತ್ತಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಉಳಿದ ಕಡೆ ಮುಚ್ಚಬೇಡಿ, ಇದ್ದಿಲ ಹೊಗೆ ಅಪಾಯ. ಸಿಲಿಂಡರ್ ಇಡೋದಾದರೆ ಅದರ ಗೂಡಿಗೆ ತಳದಲ್ಲೇ ಕಿಂಡಿ ಬಿಡಿಸಿ, ಸೋರಿದ ಗ್ಯಾಸ್ ಕೆಳಗೇ ಕೂರುತ್ತದೆ.