ತಿಪಟೂರಿನ ಮೇಷ್ಟ್ರ ಕಾಗದಕ್ಕೆ ಸಂಪಾದಕರ ಉತ್ತರ: ಸ್ಟೇರಿಂಗ್ ಯಾರ ಕೈಲಿದೆ ನೋಡಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಕಾಗದ ತಲುಪಿದೆ. ರಿಟೈರ್ ಆದ್ಮೇಲೂ ಕೆಂಪು ಇಂಕಿನ ಪೆನ್ನು ಕೈಬಿಟ್ಟಿಲ್ಲ ಅಂತ ಮೊದಲನೇ ಪುಟದಲ್ಲೇ ಗೊತ್ತಾಯ್ತು. ಬೇರೆ ಓದುಗರಿಗೋಸ್ಕರ ವಿಷಯ ಏನು ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಮೇಷ್ಟ್ರು ಈ ಸಲ ಬೇಸಿಗೆಗೆ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ರು, ಹಿಂದೆ ಒಂದು ಸಲ ಹೋದಾಗ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ತುಂಬ ಉದ್ದನೆ ಡಿಕ್ಕಿಯ ಸೆಡಾನ್‌ಗಳೇ ನಿಂತಿದ್ವಂತೆ, ಈಗ ನೋಡಿದ್ರೆ ಎಲ್ಲಾ ಕಂಪನಿದೂ ಅದೇ ಎತ್ತರದ ಗಾಡಿ, ಮುಂದಿನ ಲೋಗೋ ಕೈಯಲ್ಲಿ ಮುಚ್ಚಿದ್ರೆ ಯಾರದ್ದು ಯಾವುದು ಅಂತ ಹೇಳಕ್ಕಾಗಲ್ಲ. ಮಗಳಿಗೆ ಲೆಕ್ಸಸ್ (ಟೊಯೋಟದವರದೇ ಲಕ್ಷುರಿ ಬ್ರಾಂಡು) ಆರ್‌ಎಕ್ಸ್ ಅನ್ನೋ ಎತ್ತರದ ಗಾಡಿ ಬೇಕು, ಅಳಿಯಂದ್ರಿಗೆ ಬಿಎಂಡಬ್ಲ್ಯು 3 ಸೀರೀಸ್ ಸೆಡಾನ್ ಬೇಕು, ಮನೇಲಿ ಮಾತುಕತೆ ಅರ್ಧಕ್ಕೆ ನಿಂತಿದೆ. "ಇವರು ಪೈಪೋಟಿ ಮಾಡ್ತಿದಾರೋ ಅಥವಾ ಪಕ್ಕದ ಬೆಂಚಿನವನ ಪೇಪರ್ ನೋಡಿ ಕಾಪಿ ಹೊಡೀತಿದಾರೋ?" ಅನ್ನೋದು ಮೇಷ್ಟ್ರ ಪ್ರಶ್ನೆ. ಜೊತೆಗೆ ನಮ್ಮ ಹೋದ ತಿಂಗಳ ಲೇಖನಕ್ಕೆ ಒಂದು ತಿದ್ದುಪಡಿ: ಆರ್‌ಎಕ್ಸೇ ಮೊದಲ ಲಕ್ಷುರಿ ಎಸ್‌ಯುವಿ ಅಂತ ಬರೆದಿದ್ದು ತಪ್ಪು, ಮರ್ಸಿಡಿಸ್ ಎಂ-ಕ್ಲಾಸ್ ಅದಕ್ಕೂ ಮುಂಚಿನದು ಅಂತ.

ತಿದ್ದುಪಡಿ ಒಪ್ಕೊಂಡ್ವಿ. ಎಂ-ಕ್ಲಾಸ್ 1997ರಲ್ಲಿ ಅಲಬಾಮಾದ ಟಸ್ಕಲೂಸಾ ಫ್ಯಾಕ್ಟರಿಯಿಂದ ಬಂತು, ಆರ್‌ಎಕ್ಸ್ 300 ಅಮೆರಿಕಕ್ಕೆ ಕಾಲಿಟ್ಟಿದ್ದು 1998ರಲ್ಲಿ. ರೇಂಜ್ ರೋವರ್ ಅಂತೂ 1970ರಿಂದಲೇ ಇದೆ. ಆದ್ರೆ ಅರ್ಧ ಮಾರ್ಕ್ಸ್ ನನಗೂ ಕೊಡ್ಬೇಕು, ಯಾಕಂದ್ರೆ ಆ ಮೊದಲನೇ ಎಂ-ಕ್ಲಾಸ್ ಒಳಗೆ ಲಾರಿ ಜಾತಿದು, ಕೆಳಗೊಂದು ಗಟ್ಟಿ ಚಾಸಿ, ಅದರ ಮೇಲೆ ತಂದು ಕೂರಿಸಿದ ಬಾಡಿ. ಆರ್‌ಎಕ್ಸ್ ಹಾಗಲ್ಲ, ಟೊಯೋಟ ಕ್ಯಾಮ್ರಿ ಕಾರಿನ ತಳಪಾಯದ ಮೇಲೆ ಕಟ್ಟಿದ್ದು, ಬಾಡಿನೇ ಅದರ ಎಲುಬು. ನೋಡಕ್ಕೆ ಜೀಪು, ಓಡ್ಸಿದ್ರೆ ಕಾರು. ಕ್ರಾಸ್‌ಓವರ್ ಅನ್ನೋದು ಇದಕ್ಕೇ. ನಾವು "ಮೊದಲ ಲಕ್ಷುರಿ ಕ್ರಾಸ್‌ಓವರ್" ಅಂತ ಬರೀಬೇಕಿತ್ತು, ಎಸ್‌ಯುವಿ ಅಂತ ಬರೆದು ಸಿಕ್ಕಾಕೊಂಡ್ವಿ.

ಈಗ ಪ್ರಶ್ನೆಗೆ ಬರೋಣ. ನಿಮ್ಮ ಕಾಗದದ ಮೂರನೇ ಪುಟದಲ್ಲಿ ಒಂದು ಸಾಲು ಇದೆ, ಅಳಿಯಂದ್ರ ಫ್ರೆಂಡಿನ ಸೆಡಾನಲ್ಲಿ ಕೂತ ಮೇಲೆ ಮಂಡಿ ನೋವಿಗೆ ಏಳಕ್ಕಾಗದೆ ಇಬ್ಬರು ಕೈ ಹಿಡಿದು ಎತ್ತಬೇಕಾಯ್ತು ಅಂತ. ನೀವು ತಮಾಷೆಗೆ ಬರೆದಿದ್ದೀರಿ, ಆದ್ರೆ ಅರ್ಧ ಉತ್ತರ ಅಲ್ಲೇ ಇದೆ. ಸೆಡಾನಿಗೆ ಬಗ್ಗಿ ಇಳೀಬೇಕು, ಹಳೇ ಕಾಲದ ಎಸ್‌ಯುವಿಗೆ ಕಾಲೆತ್ತಿ ಹತ್ತಬೇಕು, ಕ್ರಾಸ್‌ಓವರಲ್ಲಿ ಸೀಟು ಸೊಂಟದ ಮಟ್ಟಕ್ಕೇ ಇರುತ್ತೆ, ಸುಮ್ನೆ ಪಕ್ಕಕ್ಕೆ ಸರಿದು ಕೂತ್ಕೊಂಡ್ರೆ ಆಯ್ತು. ಮಗುನ ಹಿಂದಿನ ಸೀಟಿಗೆ ಕಟ್ಟೋ ತಾಯಿಗೂ ಅದೇ ಅನುಕೂಲ, ಎಪ್ಪತ್ತರ ತಾತನಿಗೂ ಅದೇ ಅನುಕೂಲ. ಲೆಕ್ಸಸ್‌ನವರು ಇದನ್ನ ಬೇಗ ಹಿಡಿದ್ರು, ಇವತ್ತಿಗೂ ಅಮೆರಿಕದಲ್ಲಿ ಅವರಿಗೆ ಅನ್ನ ಹಾಕ್ತಿರೋದು ಆರ್‌ಎಕ್ಸೇ, ವರ್ಷಕ್ಕೆ ಒಂದು ಲಕ್ಷದ ಆಸುಪಾಸು ಹೋಗುತ್ತೆ.

ಅದು ಗೆದ್ದಿದ್ದು ನೋಡಿ ಮಿಕ್ಕವರು ಸುಮ್ನಿರ್ತಾರಾ. ಬಿಎಂಡಬ್ಲ್ಯು 1999ರಲ್ಲಿ ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್ ಫ್ಯಾಕ್ಟರಿಯಿಂದ ಎಕ್ಸ್5 ತಂತು, ಅದನ್ನ ಎಸ್‌ಯುವಿ ಅನ್ನಕ್ಕೂ ಅವರಿಗೆ ನಾಚಿಕೆ, ಸ್ಪೋರ್ಟ್ಸ್ ಆಕ್ಟಿವಿಟಿ ವೆಹಿಕಲ್ ಅಂತ ಹೊಸ ಹೆಸರು ಇಟ್ರು. 2002ರಲ್ಲಿ ಪೋರ್ಶೆ ಕೂಡ ಕಯೆನ್ ಮಾಡ್ತು, ಸ್ಪೋರ್ಟ್ಸ್ ಕಾರಿನ ಭಕ್ತರು ಎದೆ ಎದೆ ಬಡ್ಕೊಂಡ್ರು, ಈಗ ಆ ಕಂಪನಿ ಮಾರೋ ಕಾರಲ್ಲಿ ಅರ್ಧಕ್ಕಿಂತ ಜಾಸ್ತಿ ಎತ್ತರದವೇ. ಕಡೆಗೆ 2018ರಲ್ಲಿ ರೋಲ್ಸ್ ರಾಯ್ಸ್‌ನವರೂ ಕಲ್ಲಿನನ್ ಅಂತ ಒಂದು ಇಳಿಸಿದ್ರು. ಕಾಪಿ ಅನ್ನೋ ನಿಮ್ಮ ಅನುಮಾನಕ್ಕೆ ಹೆಸರುಗಳೇ ಸಾಕ್ಷಿ: ಬಿಎಂಡಬ್ಲ್ಯುದು ಎಕ್ಸ್1, ಎಕ್ಸ್3, ಎಕ್ಸ್5, ಎಕ್ಸ್7, ಔಡಿದು ಕ್ಯೂ3, ಕ್ಯೂ5, ಕ್ಯೂ7. ಮರ್ಸಿಡಿಸ್‌ನವರು 2015ರ ಸುಮಾರಿಗೆ ಹಳೇ ಹೆಸರೆಲ್ಲಾ ಒರೆಸಿ ಜಿಎಲ್‌ಎ, ಜಿಎಲ್‌ಸಿ, ಜಿಎಲ್‌ಇ, ಜಿಎಲ್‌ಎಸ್ ಅಂತ ಮಾಡ್ಕೊಂಡ್ರು, ಕೊನೇ ಅಕ್ಷರ ನೋಡಿದ್ರೆ ಎ, ಸಿ, ಇ, ಎಸ್, ಅಂದ್ರೆ ಅವರದೇ ಕಾರುಗಳ ಕ್ಲಾಸು. ಒಂದೊಂದು ಸೆಡಾನಿಗೂ ಎತ್ತರದ ಅಣ್ಣ ಒಬ್ಬ. ಕೆಳಗಿನ ಎಲುಬು ಹೆಚ್ಚು ಕಮ್ಮಿ ಅದೇ, ಇಂಜಿನ್ ಅದೇ, ಗೇರ್‌ಬಾಕ್ಸ್ ಅದೇ, ಸ್ಕ್ರೀನ್ ಅದೇ, ಎತ್ತರ ಹೆಚ್ಚು ಕಮ್ಮಿ ಒಂದು ಗೇಣು ಜಾಸ್ತಿ, ಆದ್ರೆ ರೇಟು ಸಾವಿರಾರು ಡಾಲರ್ ಜಾಸ್ತಿ, ಲಾಭ ಇರೋದೇ ಅಲ್ಲಿ.

ಇದಕ್ಕೆ ಅಮೆರಿಕದ ಕಾನೂನೂ ಗಾಳಿ ಹಾಕ್ತು. ಪೆಟ್ರೋಲು ಕುಡಿಯೋ ಕಾರಿಗೆ ಅಲ್ಲಿ ಗ್ಯಾಸ್ ಗಝ್ಲರ್ ಟ್ಯಾಕ್ಸ್ ಅಂತ ಒಂದಿದೆ, 1978ರ ಕಾಯ್ದೆದು, ಅದು ಸೆಡಾನಿಗೆ ಬೀಳುತ್ತೆ, ಎಸ್‌ಯುವಿಗೆ ಬೀಳಲ್ಲ. ಸ್ವಂತ ಬಿಸಿನೆಸ್ ಇರೋ ಡಾಕ್ಟ್ರು ಲಾಯರ್‌ಗಳಿಗೆ ಇನ್ನೊಂದು ಅನುಕೂಲ, ಗಾಡಿಯ ಒಟ್ಟು ತೂಕದ ರೇಟಿಂಗ್ (ಜನ, ಸಾಮಾನು ಎಲ್ಲಾ ತುಂಬಿದ ಮೇಲಿನ ಗರಿಷ್ಠ ತೂಕ) 6,000 ಪೌಂಡ್ ದಾಟಿದ್ರೆ, ಅಂದ್ರೆ 2,700 ಕೆಜಿ ಮೇಲೆ, ಅದರ ಖರ್ಚನ್ನ ತೆರಿಗೆ ಕಟ್ಟೋ ಆದಾಯದಿಂದ ಸೆಡಾನಿಗಿಂತ ಬೇಗ ಬೇಗ ಕಳೀಬಹುದು. ಹೊಲಕ್ಕೆ ಹೋಗೋ ಟ್ರಕ್ಕಿಗೆ ಅಂತ ಇಟ್ಟ ಸವಲತ್ತು, ಅದರ ಫಲ ಉಂಡಿದ್ದು ಹಲ್ಲಿನ ಡಾಕ್ಟ್ರು.

ನಿಜವಾದ ಕುಸ್ತಿ ಮಾತ್ರ ನಡೆಯೋದು ಲೀಸಲ್ಲಿ. ಇದನ್ನ ಅಳಿಯಂದ್ರ ಜೊತೆ ಕೂತು ಲೆಕ್ಕ ಹಾಕಿ, ನೀವು ಗಣಿತದ ಮೇಷ್ಟ್ರು, ಖುಷಿ ಆಗುತ್ತೆ. ಅಲ್ಲಿ ಲಕ್ಷುರಿ ಕಾರನ್ನ ತುಂಬಾ ಜನ ಕೊಳ್ಳೋದೇ ಇಲ್ಲ, ಮೂರು ವರ್ಷಕ್ಕೆ ಬಾಡಿಗೆ ಥರ ತಗೋತಾರೆ. ತಿಂಗಳ ಕಂತು ನಿಂತಿರೋದು ಕಾರಿನ ರೇಟಿನ ಮೇಲಲ್ಲ, ಮೂರು ವರ್ಷದಲ್ಲಿ ಆ ರೇಟು ಎಷ್ಟು ಬೀಳುತ್ತೆ ಅನ್ನೋದರ ಮೇಲೆ. ಉದಾಹರಣೆಗೆ 48,000 ಡಾಲರಿನ ಸೆಡಾನ್ ಮೂರು ವರ್ಷಕ್ಕೆ 24,000ಕ್ಕೆ ಇಳಿಯುತ್ತೆ ಅಂತ ಇಟ್ಕೊಳ್ಳಿ, 24,000ನ 36 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 667 ಡಾಲರ್. 50,000ದ ಕ್ರಾಸ್‌ಓವರಿಗೆ ಗಿರಾಕಿ ಜಾಸ್ತಿ, ಅದು 30,000ದಲ್ಲಿ ನಿಂತ್ರೆ ಬಿದ್ದಿದ್ದು 20,000, ತಿಂಗಳಿಗೆ 556. ಬಡ್ಡಿ ಬೇರೆ ಬಿಡಿ. ರೇಟು ಜಾಸ್ತಿ ಇರೋ ಗಾಡಿಗೆ ಕಂತು ಕಮ್ಮಿ! ಸಾಲ ಕೊಡೋ ಫೈನಾನ್ಸ್ ಕಂಪನಿನೂ ಕಾರು ಕಂಪನಿದೇ ಆಗಿರೋದ್ರಿಂದ, ಮಾರಾಟ ಮಂಕಾದ ತಿಂಗಳು ಬಡ್ಡಿ ಇಳಿಸಿಯೋ ಮೂರು ವರ್ಷದ ನಂತರದ ಬೆಲೆನ ಕಾಗದದ ಮೇಲೆ ಏರಿಸಿಯೋ ಪಕ್ಕದ ಷೋರೂಮಿನ ಗಿರಾಕಿನ ಎಳ್ಕೋತಾರೆ. ಪೈಪೋಟಿ ಅಂದ್ರೆ ಇದು ಮೇಷ್ಟ್ರೇ, ಹಾರ್ಸ್‌ಪವರ್ ಎಲ್ಲಾ ಜಾಹೀರಾತಿಗೆ.

ಈ ಲೆಕ್ಕದಲ್ಲಿ ಸೆಡಾನ್‌ಗಳು ಒಂದೊಂದಾಗಿ ಬಿದ್ವು. ಲೆಕ್ಸಸ್ ಜಿಎಸ್ 2020ಕ್ಕೆ ಮುಗೀತು, ಅದೇ ವರ್ಷ ಲಿಂಕನ್ ಕಾಂಟಿನೆಂಟಲ್ ಕೂಡ ಹೋಗಿ ಲಿಂಕನ್ ಅಮೆರಿಕದಲ್ಲಿ ಬರೀ ಎಸ್‌ಯುವಿ ಅಂಗಡಿ ಆಯ್ತು, ಇನ್ಫಿನಿಟಿ ಕ್ಯೂ50 2024ಕ್ಕೆ, ಅಕ್ಯುರಾ ಟಿಎಲ್‌ಎಕ್ಸ್ 2025ಕ್ಕೆ.

ಹಾಗಂತ ಸೆಡಾನ್ ಸತ್ತೇ ಹೋಯ್ತು ಅಂತ ನೀವು ಬರೆದಿದ್ದನ್ನ ನಾನು ಒಪ್ಪಲ್ಲ. ಅದು ಬದುಕಿರೋದು ಡ್ರೈವರ್ ಇರೋ ಊರಲ್ಲಿ. ನ್ಯೂಜೆರ್ಸಿಲಿ ಓನರೇ ಸ್ಟೇರಿಂಗ್ ಹಿಡೀತಾರೆ, ಹಾಗಾಗಿ ಎತ್ತರದ ಮುಂದಿನ ಸೀಟು ಬೇಕು. ಚೀನಾದಲ್ಲಿ, ನಮ್ಮಲ್ಲಿ, ದುಡ್ಡಿರೋರು ಹಿಂದೆ ಕೂರ್ತಾರೆ, ಅವರಿಗೆ ಕಾಲು ಚಾಚಕ್ಕೆ ಜಾಗ ಬೇಕು. ಔಡಿ ಎ6ನ ಚೀನಾಗೋಸ್ಕರ ಉದ್ದ ಮಾಡಿ ಇಪ್ಪತ್ತು ವರ್ಷದ ಮೇಲಾಯ್ತು. ನಮ್ಮ ದೇಶಕ್ಕೆ ಮರ್ಸಿಡಿಸ್ 2017ರಲ್ಲಿ ಉದ್ದದ ಇ-ಕ್ಲಾಸ್ ತಂದು ಪುಣೆ ಹತ್ರದ ಚಾಕಣದಲ್ಲಿ ಜೋಡಿಸ್ತು, ಬಿಎಂಡಬ್ಲ್ಯು 2021ರಲ್ಲಿ 3 ಸೀರೀಸನ್ನೇ ಎಳೆದು ಗ್ರ್ಯಾನ್ ಲಿಮೋಸಿನ್ ಅಂತ ಮಾಡ್ತು, 2024ರಲ್ಲಿ ಉದ್ದದ 5 ಸೀರೀಸೂ ಬಂತು. ಓಡ್ಸೋರ ಕಾರು ಅಂತ ಹೆಸರು ಮಾಡಿದ 3 ಸೀರೀಸನ್ನ ಹಿಂದಿನ ಸೀಟಿನ ಸಾಹೇಬರಿಗೋಸ್ಕರ ಎಳೆದ್ರು ಅನ್ನೋದು ನನಗಿನ್ನೂ ಅರಗಿಲ್ಲ, ಅಳಿಯಂದ್ರಿಗೆ ಹೇಳ್ಬೇಡಿ, ಬೇಜಾರು ಮಾಡ್ಕೋತಾರೆ.

ನೀವು ನ್ಯೂಜೆರ್ಸಿ ತನಕ ಹೋಗಿ ನೋಡಿದ್ದು ಬೆಂಗಳೂರಿನ ಅಕ್ಕಪಕ್ಕದಲ್ಲೇ ಇದೆ. ಮೈಸೂರು ರಸ್ತೆಲಿ ಬಿಡದಿಯ ಟೊಯೋಟ ಫ್ಯಾಕ್ಟರಿಲಿ 2020ರಲ್ಲಿ ಲೆಕ್ಸಸ್ ಇಎಸ್ 300ಎಚ್ ಸೆಡಾನ್ ಜೋಡಿಸಕ್ಕೆ ಶುರು ಮಾಡಿದ್ರು, ಆ ಕಡೆ ಹೊಸಕೋಟೇಲಿ ವೋಲ್ವೊದವರು 2017ರಲ್ಲಿ ಎಕ್ಸ್‌ಸಿ90ಯಿಂದ ಶುರು ಮಾಡಿ ಕ್ರಾಸ್‌ಓವರ್ ಜೋಡಿಸ್ತಾ ಬಂದ್ರು. ನಮ್ಮ ತೆರಿಗೆ ಮಾತ್ರ ಅಮೆರಿಕಕ್ಕೆ ಉಲ್ಟಾ ಇತ್ತು, ದೊಡ್ಡ ಸೆಡಾನಿಗೆ ಜಿಎಸ್‌ಟಿ ಸೆಸ್ ಎಲ್ಲಾ ಸೇರಿ 48 ಪರ್ಸೆಂಟ್, ಎಸ್‌ಯುವಿಗೆ 50, ಎತ್ತರಕ್ಕೆ ದಂಡ ಹಾಕ್ತಿದ್ರು, ಆದ್ರೂ ಜನ ಎತ್ತರದ್ದೇ ತಗೊಂಡ್ರು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ 40 ಆಗಿ ಆ ಎರಡು ಪರ್ಸೆಂಟಿನ ತಕರಾರೂ ಹೋಯ್ತು.

ಇನ್ನು ಮನೆ ಜಗಳ. ಆರ್‌ಎಕ್ಸ್ ಮತ್ತು 3 ಸೀರೀಸ್ ಎರಡನ್ನ ಒಂದೇ ತಕ್ಕಡೀಲಿ ತೂಗಕ್ಕೆ ಬರಲ್ಲ, ಒಂದು ಮೆತ್ತಗೆ ಹೋಗೋ ಸಂಸಾರದ ಗಾಡಿ, ಇನ್ನೊಂದು ತಿರುವಲ್ಲಿ ಖುಷಿ ಕೊಡೋ ಗಾಡಿ, ತೂಗೋದಾದ್ರೆ 3 ಸೀರೀಸನ್ನ ಅದರದೇ ಅಣ್ಣ ಎಕ್ಸ್3 ಜೊತೆ ತೂಗ್ಬೇಕು. ನಿಮ್ಮ ಮಂಡಿ ಮಗಳ ಪರ ಇದೆ, ಅದು ಬಿಡಿ. ಆದ್ರೆ ಅಳಿಯಂದ್ರಿಗೆ ಒಂದು ದಾರಿ ಇದೆ. ಲೀಸ್ ಮುಗಿದ ಕಾರು ಎಲ್ಲಿ ಹೋಗುತ್ತೆ ಅಂತ ಕೊನೇ ಪುಟದಲ್ಲಿ ಕೇಳಿದ್ರಲ್ಲ, ಅದರಲ್ಲಿ ಎಷ್ಟೋ ಕಾರು ವಾಪಸ್ ಡೀಲರ್ ಹತ್ರಾನೇ ಬಂದು, ಚೆಕ್ ಆಗಿ, ಕಂಪನಿ ವಾರಂಟಿ ಸಮೇತ ಸೆಕೆಂಡ್‌ಹ್ಯಾಂಡಾಗಿ ನಿಲ್ಲುತ್ತೆ. ಹೊಸ ಸೆಡಾನಿಗೆ ಕಂತು ಜಾಸ್ತಿ ಆಗಿದ್ದು ಅದರ ರೇಟು ಬೇಗ ಬೀಳುತ್ತೆ ಅಂತ ತಾನೇ? ಆ ಬಿದ್ದ ರೇಟೇ ಹಳೇದು ಕೊಳ್ಳೋನಿಗೆ ಲಾಭ. ಮಗಳು ಆರ್‌ಎಕ್ಸನ್ನ ಲೀಸಿಗೆ ತಗೊಳ್ಳಿ, ಅಳಿಯಂದ್ರು ಅಲ್ಲಿಂದ ಮೂರು ವರ್ಷದ 3 ಸೀರೀಸ್ ಒಂದನ್ನ ದುಡ್ಡು ಕೊಟ್ಟು ಸ್ವಂತಕ್ಕೆ ತರ್ಲಿ. ಮುಂದಿನ ಬೇಸಿಗೆಗೆ ನೀವು ಹೋದಾಗ ಏರ್‌ಪೋರ್ಟಿಗೆ ಯಾವುದು ತರ್ಬೇಕು ಅಂತ ಮಾತ್ರ ಮೊದಲೇ ಫೋನ್ ಮಾಡಿ ಹೇಳ್ಬಿಡಿ.

ಇಂತಿ ನಿಮ್ಮ,
ಸಂಪಾದಕ