ಪದಗಳ ಪಟ್ಟಿ ಬೇಡ, ಮಗುವಿನ ಕೈಗೆ ಒಂದು ಹುಣಸೆಕಾಯಿ ಕೊಡಿ

ಮಕ್ಕಳ ಬರವಣಿಗೆ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ ಇರುತ್ತದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನ್ನ ಮಗಳು ಐದನೇ ಕ್ಲಾಸು. ಏನು ಬರೆದರೂ ‘ತುಂಬಾ ಚೆನ್ನಾಗಿತ್ತು’ ಅಂತ ಮುಗಿಸುತ್ತಾಳೆ. ಜಾತ್ರೆ ತುಂಬಾ ಚೆನ್ನಾಗಿತ್ತು, ತೇರು ತುಂಬಾ ಚೆನ್ನಾಗಿತ್ತು, ಮಂಡಕ್ಕಿ ಮಿರ್ಚಿ ತುಂಬಾ ಚೆನ್ನಾಗಿತ್ತು. ದಿನಕ್ಕೆ ಹತ್ತು ವರ್ಣನೆ ಪದ ಬಾಯಿಪಾಠ ಮಾಡಿಸೋಣ ಅಂತಿದ್ದೇನೆ. ಒಳ್ಳೆ ಪಟ್ಟಿ ಕೊಡಿ. – ಒಬ್ಬ ತಾಯಿ, ದಾವಣಗೆರೆ

ಉತ್ತರ: ಪಟ್ಟಿ ಕೊಡುವುದಿಲ್ಲ. ಬಾಯಿಪಾಠ ಮಾಡಿಸುವ ಯೋಚನೆಯನ್ನೂ ಬಿಟ್ಟುಬಿಡಿ.

ಪಟ್ಟಿ ಕಲಿತ ಮಕ್ಕಳ ಪ್ರಬಂಧ ಸಾಕಷ್ಟು ತಿದ್ದಿದ್ದೇನೆ. ಜಾತ್ರೆಯೂ ‘ನಯನಮನೋಹರ’, ಅಜ್ಜಿ ಮನೆಯೂ ‘ನಯನಮನೋಹರ’, ಶಾಲೆಯ ಹೂದೋಟವೂ ‘ನಯನಮನೋಹರ’. ‘ತುಂಬಾ ಚೆನ್ನಾಗಿತ್ತು’ ಹೋಯಿತು, ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿತು. ತೇರು ಎಷ್ಟು ಎತ್ತರ, ಎಳೆಯುವಾಗ ಏನು ಸದ್ದು ಬಂತು, ಒಂದೂ ಓದಿದವರಿಗೆ ಗೊತ್ತಾಗುವುದಿಲ್ಲ. ಇಂಥ ಪಟ್ಟಿ ಅಚ್ಚುಹಾಕಿ ಮಾರುವ ಗೈಡುಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ‘ಸೂರ್ಯನು ತನ್ನ ಹೊಂಗಿರಣಗಳನ್ನು ಚೆಲ್ಲುತ್ತಿದ್ದನು’ ಅಂತ ಶುರುವಾಗುವ ಪ್ರಬಂಧ ಬರೆದ ಹುಡುಗ ಅವತ್ತು ಸೂರ್ಯನನ್ನು ನೋಡಿಯೇ ಇರುವುದಿಲ್ಲ.

ನಿಮ್ಮ ಮಗಳಿಗೆ ಪದಗಳ ಬಡತನ ಇಲ್ಲ. ದೋಸೆ ಮೆತ್ತಗಾದರೆ ‘ಗರಿಗರಿ ಇಲ್ಲ’ ಅಂತ ತಟ್ಟೆ ದೂಡುತ್ತಾಳೆ, ಅಲ್ವಾ? ಆ ಪದ ಬಾಯಲ್ಲಿದೆ. ನೋಟ್‌ಬುಕ್ಕಿಗೆ ಬರುತ್ತಿಲ್ಲ, ಅಷ್ಟೆ. ಬರೆಯುವಾಗ ಮನೆಮಾತು ಬಳಸಬಾರದು ಅಂತ ಯಾರೋ ಹೆದರಿಸಿರುತ್ತಾರೆ.

ಹೀಗೆ ಮಾಡಿ. ಒಂದು ಮಾಗಿದ ಹುಣಸೆಕಾಯಿ ಅವಳ ಕೈಗೆ ಕೊಡಿ. ಅದರ ಹೆಸರು ಹೇಳದೆ ನಾಲ್ಕು ಸಾಲು ಬರೆಯಬೇಕು. ‘ಚೆನ್ನಾಗಿದೆ’ ಅನ್ನುವಂತಿಲ್ಲ. ಅವಳು ಮೊದಲು ‘ಕಂದು ಬಣ್ಣ ಇದೆ, ಹುಳಿ ಇದೆ’ ಅಂತ ಬರೆದು ಪೆನ್ಸಿಲ್ ಕೆಳಗಿಡುತ್ತಾಳೆ. ಆಗ ಬೈಯಬೇಡಿ, ಕೇಳಿ. ಅಲ್ಲಾಡಿಸಿದರೆ? ಒಳಗೆ ಲೊಡಲೊಡ ಅನ್ನುತ್ತದೆ. ಸಿಪ್ಪೆ ಮುಟ್ಟಿದರೆ? ದೊರಗು. ಒತ್ತಿದರೆ? ಪಟ್ ಅಂತ ಒಡೆಯುತ್ತದೆ. ಒಳಗೆ ನಾರು, ಬೆರಳಿಗೆ ಅಂಟುವ ತಿರುಳು, ನುಣ್ಣಗೆ ಜಾರುವ ಬೀಜ. ಇನ್ನು ಹುಳಿ. ಎಂಥ ಹುಳಿ? ಮೊಸರಿನದಾ, ನಿಂಬೆಯದಾ? ತಿಂದರೆ ಹಲ್ಲಿಗೆ ಏನಾಗುತ್ತದೆ? ‘ಹಲ್ಲು ಚಳಿತು ಹೋಗುತ್ತೆ’ ಅಂತ ಅವಳೇ ಹೇಳಬಹುದು. ಅದನ್ನು ಹಾಗೇ ಬರೆಸಿ. ಆಮೇಲೆ ಅವಳ ಅಪ್ಪನಿಗೋ ಅಜ್ಜಿಗೋ ಓದಿಸಿ. ಕೇಳಿದವರು ಅದು ಹುಣಸೆ ಅಂತ ಗುರುತು ಹಿಡಿದರೆ ವರ್ಣನೆ ಗೆದ್ದಿತು.

ಹೊಸ ಪದ ಕೊಡಲೇಬಾರದು ಅಂತಲ್ಲ. ಮಗು ಹುಡುಕುತ್ತಾ ತಡವರಿಸುವಾಗ ಕೊಡಿ. ‘ಅಂಟುತ್ತೆ, ಆದರೆ ಗೋಂದಿನ ಥರ ಅಲ್ಲ’ ಅಂದಾಗ ‘ಜಿಗುಟು’ ಅನ್ನಿ. ಆ ವಾರ ಹಲಸಿನಕಾಯಿ ಹೆಚ್ಚುವಾಗ, ಬೆಲ್ಲದ ಪಾಕ ಕಾಸುವಾಗ ಮತ್ತೆ ಅದನ್ನೇ ಬಳಸಿ. ಒಂದು ಸಲ ಕಿವಿಗೆ ಬಿದ್ದ ಪದ ಉಳಿಯುವುದಿಲ್ಲ. ಬೇರೆ ಬೇರೆ ವಸ್ತುವಿನ ಜೊತೆ ಮತ್ತೆ ಮತ್ತೆ ಸಿಗಬೇಕು.

ಇನ್ನೊಂದು ತಪ್ಪು ತಿಳಿವಳಿಕೆ: ಗುಣವಾಚಕ ಜಾಸ್ತಿ ಆದರೆ ವರ್ಣನೆ ಚೆನ್ನಾಗುತ್ತದೆ ಅನ್ನುವುದು. ಕನ್ನಡದಲ್ಲಿ ಅರ್ಧ ವರ್ಣನೆ ಕ್ರಿಯಾಪದದಲ್ಲೇ ಇರುತ್ತದೆ. ಮಳೆ ‘ಬಂತು’ ಅಂತ ಬರೆದ ಮಗುವಿಗೆ ಕೇಳಿ: ಹನಿಯಿತಾ, ಜಿನುಗಿತಾ, ಸುರಿಯಿತಾ, ಮುಖಕ್ಕೆ ರಾಚಿತಾ? ಜಿಟಿಜಿಟಿ ಅಂತ ಹಿಡಿದುಕೊಂಡಿತಾ, ಧೋ ಅಂತ ಬಂದು ನಿಂತಿತಾ? ಇವನ್ನೆಲ್ಲ ಸಣ್ಣ ಮಳೆಯಿಂದ ದೊಡ್ಡ ಮಳೆಗೆ ಸಾಲಾಗಿ ಜೋಡಿಸಲು ಹೇಳಿ. ಮಕ್ಕಳು ಜಗಳ ಆಡುತ್ತಾರೆ. ಆಡಲಿ. ಪದಗಳ ತೂಕ ಆ ಜಗಳದಲ್ಲೇ ತಿಳಿಯುತ್ತದೆ. ಉಗುರುಬೆಚ್ಚಗೆ, ಬಿಸಿ, ಸುಡುಸುಡು – ಇದನ್ನೂ ಹಾಗೇ ಮಾಡಿಸಬಹುದು.

ಈಗ ನಿಮ್ಮ ಜಾತ್ರೆಗೆ ಬನ್ನಿ. ‘ತೇರು ಹೊರಟಾಗ ಗಾಲಿ ಕಿರ್ ಅಂತು. ಜನ ಉತ್ತತ್ತಿ, ಬಾಳೆಹಣ್ಣು ಎಸೆದರು. ಒಂದು ಹಣ್ಣು ನನ್ನ ಭುಜಕ್ಕೆ ಬಿದ್ದು ಪಚಕ್ ಅಂತು.’ ಇದರಲ್ಲಿ ಒಂದೇ ಒಂದು ಗುಣವಾಚಕ ಇಲ್ಲ. ಜಾತ್ರೆ ಇದೆ. ನಿಮ್ಮ ಮಗಳು ಇದನ್ನು ಬರೆಯಬಲ್ಲಳು. ಅವಳು ಅಲ್ಲೇ ನಿಂತಿದ್ದಳಲ್ಲ.

ಒಂದು ಎಚ್ಚರಿಕೆ. ಒಂದು ಪ್ರಬಂಧದಲ್ಲಿ ಒಂದೆರಡು ಸಾಲು ಮಾತ್ರ ಹೀಗೆ ಮತ್ತೆ ಬರೆಸಿ. ಪ್ರತಿ ಸಾಲಿಗೂ ‘ಇನ್ನೂ ವಿವರ ಹಾಕು’ ಅಂದರೆ ಮಗು ಬರೆಯುವುದನ್ನೇ ಬಿಡುತ್ತದೆ.

ಪ್ರಶ್ನೆ: ಆರನೇ ಕ್ಲಾಸಿನ ಮಕ್ಕಳು ‘ಚಲೋ’, ‘ಭಾಳ’ ಅಂತ ಊರಿನ ಮಾತಿನಲ್ಲೇ ಬರೆಯುತ್ತಾರೆ. ಕೆಂಪು ಗೆರೆ ಎಳೆಯಲೇ? – ಒಬ್ಬ ಶಿಕ್ಷಕರು, ಗದಗ

ಉತ್ತರ: ಬೇಡ ಮೇಷ್ಟ್ರೇ. ಪಕ್ಕದಲ್ಲಿ ಪುಸ್ತಕದ ರೂಪ ಬರೆದು ತೋರಿಸಿ, ಅವರ ಪದವನ್ನು ಹೊಡೆದುಹಾಕಬೇಡಿ. ಹೊಡೆದರೆ ಮುಂದಿನ ಸಲ ಗೈಡಿನ ಪದ ತರುತ್ತಾರೆ.

ಪ್ರಶ್ನೆ: ತಿಂಗಳಲ್ಲಿ ಪದಭಂಡಾರ ದುಪ್ಪಟ್ಟು ಮಾಡುವ ಆನ್‌ಲೈನ್ ಕೋರ್ಸಿಗೆ ಸೇರಿಸಲೇ?

ಉತ್ತರ: ಆ ದುಡ್ಡಿಗೆ ಕಥೆಪುಸ್ತಕ ತಂದುಕೊಡಿ.

ಪ್ರಶ್ನೆ: ಮಗನಿಗೆ ಕಿಟ್ಟೆಲ್ ನಿಘಂಟು ಕೊಡಿಸಿದರೆ ಹೇಗೆ?

ಉತ್ತರ: ಅದು 1894ರಲ್ಲಿ ಬಂದ ಕನ್ನಡ–ಇಂಗ್ಲಿಷ್ ನಿಘಂಟು. ದೊಡ್ಡ ಕೆಲಸ, ಆದರೆ ಹತ್ತು ವರ್ಷದ ಹುಡುಗನಿಗಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಸಾಕು. ಅದೂ ಓದುವಾಗ ಸಿಕ್ಕ ಪದದ ಅರ್ಥ ನೋಡಲಿಕ್ಕೆ. ಪ್ರಬಂಧಕ್ಕೆ ಅಲಂಕಾರ ಹುಡುಕಲಿಕ್ಕೆ ಬೇಡ.

ಪ್ರಶ್ನೆ: ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಇಷ್ಟೆಲ್ಲ ಎಲ್ಲಿ ಆಗುತ್ತೆ?

ಉತ್ತರ: ವಾರಕ್ಕೊಂದು ದಿನ ಹತ್ತು ನಿಮಿಷ. ಬೋರ್ಡಿನ ಮೇಲೆ ಒಂದು ಬೋಳು ವಾಕ್ಯ ಬರೆಯಿರಿ, ‘ನಾಯಿ ಬಂತು’ ಅಂತ. ಕುಂಟುತ್ತಾ ಬಂತಾ, ಬಾಲ ಮುದುರಿಕೊಂಡು ಬಂತಾ, ಅವರೇ ಹೇಳುತ್ತಾರೆ.