ಹಳೇ ಕ್ಯಾಮೆರಾದ ಮುಗ್ಗಲು ವಾಸನೆ ಹೋಗೋಕೆ ಒಳಗೆ ಏನು ಇಡಬೇಕು?

ಅಜ್ಜನ ಯಾಶಿಕಾ ಟ್ರಂಕಿನಲ್ಲಿ ಸಿಕ್ಕಿದೆ, ಚರ್ಮದ ಕೇಸಿನ ಸಮೇತ ಇದೆ, ತೆಗೆದರೆ ಮುಗ್ಗಲು ವಾಸನೆ, ಡಾಂಬರ್ ಗುಳಿಗೆ ಹಾಕಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಈಗಾಗಲೇ ಇಟ್ಟಿದ್ದರೆ ಮೊದಲು ಹೋಗಿ ಹೊರಗೆ ತೆಗೆದು ಬನ್ನಿ, ಆಮೇಲೆ ಮುಂದಿನದು ಓದಿ.

ನಾನು ಕಾರಟಗಿ ಕಡೆಯವನು. ನೀವು ಸಿಂಧನೂರು ಅಂತ ಬರೆದಿದ್ದೀರಿ, ಅಂದರೆ ಇಬ್ಬರದೂ ಒಂದೇ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಭತ್ತ ನಾಟಿ ಆದಮೇಲೆ ಊರ ಸುತ್ತ ಗದ್ದೆ ತುಂಬಾ ನೀರು ನಿಂತಿರುತ್ತದೆ, ಹಳೇ ಮನೆಗಳ ಗೋಡೆ ಕೆಳಗಿನಿಂದ ತೇವ ಏರುತ್ತದೆ, ಕಪಾಟಿನಲ್ಲಿಟ್ಟ ಬಟ್ಟೆಯೂ ಥಂಡಿ ಹಿಡಿದಿರುತ್ತದೆ. ಇದು ನಿಮಗೆ ಗೊತ್ತಿರುವುದೇ.

ನಮ್ಮ ಕಾಕಾ ಮದುವೆ ಫೋಟೋ ತೆಗೆಯುತ್ತಿದ್ದರು. ಯಾಶಿಕಾ ಮ್ಯಾಟ್ 124 ಜಿ, ಎರಡು ಕಣ್ಣಿನ ಕ್ಯಾಮೆರಾ, ಮೇಲಿಂದ ಬಗ್ಗಿ ನೋಡಿ ತೆಗೆಯುವಂಥದ್ದು. ಒಂದು ರೋಲಿಗೆ 12 ಫೋಟೋ. ಆ ಕಾಲದಲ್ಲಿ ನಮ್ಮ ಕಡೆ ಒಂದು ಮದುವೆಗೆ ಎರಡೋ ಮೂರೋ ರೋಲು, ಅಷ್ಟರಲ್ಲೇ ಅಕ್ಕಿಕಾಳು, ತಾಳಿ, ಊಟದ ಪಂಕ್ತಿ, ಬೀಗರು ಎಲ್ಲ ಮುಗಿಯಬೇಕು. ಡಿಜಿಟಲ್ ಬಂದಮೇಲೆ ಕಾಕಾ ಅದನ್ನು ಕೇಸಿಗೆ ಹಾಕಿ ಪಡಸಾಲೆ ಗೋಡೆಯ ಗೂಡಿನಲ್ಲಿಟ್ಟರು. ಅವರು ತೀರಿಕೊಂಡ ಮರುವರ್ಷ, 2016ರ ಆಗಸ್ಟ್‌ನಲ್ಲಿ, ಚಿಗವ್ವ ನನ್ನನ್ನು ಕರೆದು ಕೈಗೆ ಕೊಟ್ಟರು. "ತಗೊಂಡು ಹೋಗಪಾ, ನಿಮ್ಮ ಕಾಕಾ ಇದನ್ನ ಯಾರಿಗೂ ಮುಟ್ಟಾಕ ಕೊಡ್ತಿದ್ದಿಲ್ಲ" ಅಂದರು. ಕೇಸಿನ ಗುಂಡಿ ಬಿಚ್ಚಿದ ತಕ್ಷಣ ಆ ವಾಸನೆ. ಒದ್ದೆ ಗೋಣಿಚೀಲ, ಹಳೇ ಪುಸ್ತಕ, ಮುಚ್ಚಿಟ್ಟ ಕೋಣೆ ಎಲ್ಲ ಸೇರಿದ ಹಾಗೆ.

ಅವತ್ತೇ ಟಾರ್ಚ್ ಹಾಕಿ ಲೆನ್ಸ್ ನೋಡಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಹಿಂಬಾಗಿಲು ತೆರೆದು, ಶಟರ್ 'ಬಿ' ಗೆ ಇಟ್ಟು (ಅಲ್ಲಿಟ್ಟರೆ ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ), ಗುಂಡಿ ಒತ್ತಿ ಹಿಡಿದು ಮುಂದಿನಿಂದ ಬೆಳಕು ಬಿಟ್ಟೆ. ಒಂದೆರಡು ಧೂಳಿನ ಕಣ ಬಿಟ್ಟರೆ ಗಾಜು ಬಾವಿ ನೀರಿನ ಹಾಗೆ ತಿಳಿಯಾಗಿತ್ತು. ಅಷ್ಟು ವರ್ಷ ಗೂಡಿನಲ್ಲಿದ್ದರೂ ಬೂಷ್ಟು ಒಳಗೆ ಹೋಗಿರಲಿಲ್ಲ.

ಹಾಗಾದರೆ ಸುಮ್ನೆ ಬಿಡಬೇಕಿತ್ತು ಅಲ್ವಾ? ಬಿಡಲಿಲ್ಲ. ವಾಸನೆಯೊಂದು ಹೋದರೆ ಸಾಕು ಅನ್ನಿಸಿತ್ತು. ಮನೆಯಲ್ಲಿ ರಬ್ಬರ್ ಪಟ್ಟಿಯ ಮುಚ್ಚಳ ಇದ್ದ ಪ್ಲಾಸ್ಟಿಕ್ ಡಬ್ಬಿ ಇತ್ತು, ಗಾಳಿ ಆಡದಂಥದ್ದು. ಕ್ಯಾಮೆರಾ ಕೇಸಿನಲ್ಲೇ ಇಟ್ಟು, ನಾಲ್ಕು ಡಾಂಬರ್ ಗುಳಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಅಲಮಾರಿ ಮೇಲೆ ಇಟ್ಟುಬಿಟ್ಟೆ. ಸೆಪ್ಟೆಂಬರ್ ಕೊನೆಯಲ್ಲಿ ಇಟ್ಟಿದ್ದು, ತೆಗೆದಿದ್ದು ಫೆಬ್ರವರಿಯಲ್ಲಿ. ಗುಳಿಗೆಗಳು ಕರಗಿ ಬಟಾಣಿ ಕಾಳಿನಷ್ಟಾಗಿದ್ದವು. ಮತ್ತೆ ಟಾರ್ಚ್ ಹಾಕಿದೆ. ಗಾಜಿನ ಮೇಲೆ ಚಳಿಗಾಲದ ಮಂಜಿನಂಥ ಬಿಳಿ ಪೊರೆ. ಒಂದು ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂಥ ಸಣ್ಣ ಎಳೆಗಳು, ಒಂದೊಂದು ಎಳೆಗೂ ಮತ್ತೆ ಕವಲು. ಡಬ್ಬಿಯ ಪಕ್ಕದಲ್ಲಿ ನೆಲದ ಮೇಲೆ ಎಷ್ಟೋ ಹೊತ್ತು ಕೂತಿದ್ದೆ.

ಏನಾಯಿತು ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕಂದರೆ ಇದೇ ತಪ್ಪನ್ನು ಎಲ್ಲರೂ ಮಾಡುವುದನ್ನು ನೋಡಿದ್ದೇನೆ. ಡಾಂಬರ್ ಗುಳಿಗೆ ಅಂದರೆ ನ್ಯಾಫ್ತಲೀನ್. ಅದು ನೀರಾಗದೆ ನೇರವಾಗಿ ಆವಿಯಾಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆ ಆವಿಗೆ ಹೋಗಲು ದಾರಿ ಇಲ್ಲ, ರಾತ್ರಿ ತಣ್ಣಗಾದಾಗ ಗಾಜು, ಕನ್ನಡಿ, ಲೋಹ ಎಲ್ಲಿ ಸಿಕ್ಕಿತೋ ಅಲ್ಲಿ ಸಣ್ಣ ಹರಳಾಗಿ ಕೂರುತ್ತದೆ. ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೂ ಮಾಡುತ್ತದೆ. ಕ್ಯಾಮೆರಾ ಕಂಪನಿಗಳೇ ತಮ್ಮ ಕೈಪಿಡಿಗಳಲ್ಲಿ ನ್ಯಾಫ್ತಲೀನ್, ಕರ್ಪೂರ ಇರುವ ಕಡೆ ಕ್ಯಾಮೆರಾ ಇಡಬೇಡಿ ಅಂತ ಬರೆದಿರುತ್ತಾರೆ. ಆ ಗುಳಿಗೆ ಇರುವುದು ರೇಷ್ಮೆ ಸೀರೆಗೆ, ಉಣ್ಣೆ ಬಟ್ಟೆಗೆ ಹುಳ ಹತ್ತದಿರಲಿ ಅಂತ. ಬೂಷ್ಟಿಗೆ ಅದು ಮದ್ದಲ್ಲ.

ಪೊರೆಯಾದರೂ ಹೋಗುತ್ತಿತ್ತು. ನಿಜವಾದ ಹಾನಿ ಮಾಡಿದ್ದು ಡಬ್ಬಿಯ ಮುಚ್ಚಳ. ಕೇಸು ಅಂದರೆ ಬರೀ ಚರ್ಮ ಅಲ್ಲ. ಮೇಲೆ ಚರ್ಮ, ಒಳಗೆ ಮಖಮಲ್ಲು, ಎರಡರ ಮಧ್ಯೆ ರಟ್ಟು, ಎಲ್ಲಕ್ಕೂ ಅಂಟು. ಆಗಸ್ಟ್‌ನ ತೇವ ಎಲ್ಲ ಆ ರಟ್ಟಿನಲ್ಲಿ ಕೂತಿತ್ತು. ನಾನು ಅದನ್ನು ಒಣಗಿಸದೆ ಹಾಗೇ ಮುಚ್ಚಿದೆ. ಹಗಲು ಬಿಸಿಗೆ ರಟ್ಟಿನಿಂದ ನೀರು ಗಾಳಿಗೆ ಬರುತ್ತದೆ, ರಾತ್ರಿ ಮತ್ತೆ ಒಳಗೆ ಇಳಿಯುತ್ತದೆ, ಡಬ್ಬಿ ಬಿಟ್ಟು ಎಲ್ಲೂ ಹೋಗುವುದಿಲ್ಲ. ಗಾಳಿಯಲ್ಲಿ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯೋಕೆ ಅಷ್ಟೇ ಸಾಕು. ಕತ್ತಲೆ ಇದೆ, ಗಾಳಿ ಆಡಲ್ಲ, ತಿನ್ನೋಕೆ ಅಂಟು, ಚರ್ಮ, ಧೂಳು, ಬೆರಳಿನ ಜಿಡ್ಡು ಎಲ್ಲ ಇದೆ. ಕಾಕಾನ ಗೂಡಿಗೆ ಬಾಗಿಲೇ ಇರಲಿಲ್ಲ. ಪ್ರತಿ ಬೇಸಿಗೆಯ ಒಣಗಾಳಿ ಅದರೊಳಗೆ ಹಾದು ಹೋಗುತ್ತಿತ್ತು. ಅಷ್ಟು ವರ್ಷ ಆ ಲೆನ್ಸನ್ನು ಕಾಪಾಡಿದ್ದು ಅದೇ. ನಾನು ಐದು ತಿಂಗಳಲ್ಲಿ ಕೆಡಿಸಿದೆ.

ಬಳ್ಳಾರಿಯಲ್ಲಿ ಒಬ್ಬ ಹಿರಿಯ ರಿಪೇರಿಯವರಿಗೆ ಕೊಟ್ಟೆ. ಲೆನ್ಸ್ ಬಿಚ್ಚಿ ಪೊರೆ ತೆಗೆದರು, ಎಳೆಗಳನ್ನೂ ಒರೆಸಿದರು. ಆಮೇಲೆ ಗಾಜನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ತೋರಿಸಿದರು. ಎಳೆ ಇದ್ದ ಜಾಗದಲ್ಲೆಲ್ಲ ಸಣ್ಣ ಗೆರೆ ಹಾಗೇ ಉಳಿದಿತ್ತು, ಬಸವನಹುಳು ಹರಿದುಹೋದ ದಾರಿಯ ಹಾಗೆ. ಬೂಷ್ಟು ಬೆಳೆಯುವಾಗ ಆಮ್ಲ ಬಿಡುತ್ತದೆ, ಅದು ಲೆನ್ಸಿನ ಲೇಪನವನ್ನೂ ಗಾಜನ್ನೂ ತಿನ್ನುತ್ತದೆ. "ಬೂಷ್ಟು ತೆಗೀಬಹುದು, ಅದು ತಿಂದಿದ್ದನ್ನ ವಾಪಸ್ ತರಾಕ ಆಗಂಗಿಲ್ಲ" ಅಂದರು. ಈಗಲೂ ಆ ಕ್ಯಾಮೆರಾದಲ್ಲಿ ಬಿಸಿಲಿಗೆ ಎದುರಾಗಿ ತೆಗೆದರೆ ಫೋಟೋ ಮೇಲೆ ತೆಳ್ಳಗೆ ಹಾಲು ಚೆಲ್ಲಿದ ಹಾಗೆ ಬರುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ತಿರುವುಮುರುವು ಅಂತ ನನಗೆ ಅನ್ನಿಸುತ್ತದೆ. ಏನು ಇಡಬೇಕು ಅಂತ ಕೇಳುತ್ತಿದ್ದೀರಿ. ಏನೂ ಇಡಬೇಕಾಗಿಲ್ಲ, ತೆಗೆಯಬೇಕು. ಮೊದಲು ತೆಗೆಯಬೇಕಾದದ್ದು ಆ ಕೇಸು. ನಂಬಿಕೆ ಬರದಿದ್ದರೆ ಹೀಗೆ ಮಾಡಿ ನೋಡಿ. ಒಂದೇ ಒಂದು ರಾತ್ರಿ ಕ್ಯಾಮೆರಾವನ್ನು ಒಂದು ತೊಳೆದೊಣಗಿಸಿದ ಸ್ಟೀಲ್ ಡಬ್ಬಿಯಲ್ಲಿ, ಕೇಸನ್ನು ಇನ್ನೊಂದರಲ್ಲಿ ಇಡಿ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ಮೂಸಿ. ನನ್ನ ಅನುಭವದಲ್ಲಿ ವಾಸನೆಯ ಮುಕ್ಕಾಲು ಪಾಲು ಕೇಸಿನದು. ಕ್ಯಾಮೆರಾ ಅಂದರೆ ಲೋಹ, ಗಾಜು, ಅವು ವಾಸನೆ ಹಿಡಿದಿಟ್ಟುಕೊಳ್ಳುವುದಿಲ್ಲ.

ಕೇಸನ್ನು ಉಳಿಸೋಕೆ ನಾನು ತುಂಬಾ ಒದ್ದಾಡಿದೆ. ಬ್ರಷ್ ಹಾಕಿದೆ, ಸ್ಪಿರಿಟ್‌ನಲ್ಲಿ ಒರೆಸಿದೆ, ಎರಡು ವಾರ ಮಾಳಿಗೆ ಮೇಲೆ ಗಾಳಿಗಿಟ್ಟೆ. ಏಪ್ರಿಲ್‌ನಲ್ಲಿ ವಾಸನೆ ಹೋಯಿತು ಅಂತ ಖುಷಿಪಟ್ಟೆ. ಜೂನ್‌ನ ಮೊದಲ ಮಳೆಗೆ ವಾಪಸ್ ಬಂತು. ರಟ್ಟಿನೊಳಗಿನದು ಯಾವ ಬ್ರಷ್ಷಿಗೂ ಸಿಗುವುದಿಲ್ಲ. ಬಿಸಾಡೋಕೆ ಮನಸ್ಸು ಬರುತ್ತಿರಲಿಲ್ಲ, ಯಾಕಂದರೆ ಮುಚ್ಚಳದ ಒಳಗೆ ಕಾಕಾ ನೀಲಿ ಬಾಲ್‌ಪೆನ್ನಿನಲ್ಲಿ ತಮ್ಮ ಹೆಸರು, ಊರು ಬರೆದಿದ್ದರು, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಕೆಳಗೆ ಇಳಿಸಿ ಬರೆದಿದ್ದು. ಕೊನೆಗೆ ಆ ತುಂಡನ್ನಷ್ಟೇ ಕತ್ತರಿಸಿ, ರಟ್ಟು ಕಿತ್ತು, ಒಣಗಿಸಿ, ಅವರ ಫೋಟೋದ ಫ್ರೇಮಿನ ಹಿಂದೆ ಇಟ್ಟೆ. ಉಳಿದಿದ್ದು ಬಿಸಾಡಿದೆ. ನೀವೂ ಬಿಸಾಡಿ. ಅಜ್ಜನ ನೆನಪು ಕ್ಯಾಮೆರಾದಲ್ಲಿದೆ, ಅದನ್ನು ಉಳಿಸೋಕೆ ಕೇಸು ಹೋದರೆ ಹೋಗಲಿ.

ಕ್ಯಾಮೆರಾಗೆ ಮಾಡಬೇಕಾದದ್ದು ಜಾಸ್ತಿ ಇಲ್ಲ. ಹೊರಗೆ ಅಂಗಳದಲ್ಲಿ ಕೂತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒಣ ಬ್ರಷ್‌ನಿಂದ ಪೂರ್ತಿ ಝಾಡಿಸಿ. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಸ್ವಲ್ಪ ಹಚ್ಚಿ ಮೈ ಒರೆಸಿ. ಸುರಿಯಬೇಡಿ, ಹತ್ತಿ ತೇವ ಆದರೆ ಸಾಕು, ಒಲೆ ದೀಪದ ಹತ್ತಿರ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ಗ್ಲಿಸರಿನ್ ಥರದ ಅಂಟು ಇರುತ್ತದೆ. ಒಳಗಿನ ಕನ್ನಡಿ ಮುಟ್ಟಬೇಡಿ, ಅದರ ಲೇಪನ ಗಾಜಿನ ಮುಂಭಾಗದಲ್ಲೇ ಇರುತ್ತದೆ, ಬಟ್ಟೆ ತಾಗಿದರೂ ಗೀರು ಬೀಳುತ್ತದೆ. ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ಬರದ ಹಾಗೆ ಅಂಟಿಸಿದ ಸ್ಪಂಜಿನ ಪಟ್ಟಿ ಇರುತ್ತದೆ. ಇಷ್ಟು ವರ್ಷಕ್ಕೆ ಅದು ಕರಿ ಅಂಟಾಗಿ ಬೆರಳಿಗೆ ಮೆತ್ತುತ್ತದೆ. ಕ್ಯಾಮೆರಾದಲ್ಲಿ ವಾಸನೆ ಕುಡಿಯುವ ಜಾಗ ಅಂತ ಇದ್ದರೆ ಅದೇ. ಬಿದಿರು ಕಡ್ಡಿಯಿಂದ ಪೂರ್ತಿ ಕೆರೆದು ತೆಗೆದು ಹೊಸದು ಹಾಕಿಸಿ, ಹೇಗೂ ಫಿಲ್ಮ್ ಹಾಕಬೇಕಾದರೆ ಅದನ್ನು ಬದಲಿಸಲೇಬೇಕು. ಬ್ಯಾಟರಿ ಮನೆಯನ್ನೂ ತೆರೆದು ನೋಡಿ, ಹಳೇ ಪಾದರಸದ ಸೆಲ್ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ.

ಆಮೇಲೆ ಗಾಳಿ. ಹಿಂಬಾಗಿಲು ತೆರೆದು ನೆರಳಲ್ಲಿ, ಗಾಳಿ ಆಡುವ ಕಡೆ, ತೆಳ್ಳನೆ ಬಟ್ಟೆ ಮುಚ್ಚಿ ಹತ್ತು ಹದಿನೈದು ದಿನ. ಇದಕ್ಕೆ ನಮ್ಮ ರಾಯಚೂರು, ಕೊಪ್ಪಳದ ಫೆಬ್ರವರಿ, ಮಾರ್ಚ್‌ನಂಥ ಕಾಲ ಬೇರೆ ಇಲ್ಲ, ಹಪ್ಪಳ ಸಂಡಿಗೆ ಒಣಗಿಸುವ ಗಾಳಿಯೇ ಸಾಕು. ಆದರೆ ಹಪ್ಪಳದ ಜೊತೆ ಮಾಳಿಗೆ ಬಿಸಿಲಿಗೆ ಇಡಬೇಡಿ. ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಕರಿ ಕ್ಯಾಮೆರಾದ ಮೈ ಅದಕ್ಕಿಂತ ಜಾಸ್ತಿ ಕಾಯುತ್ತದೆ, ಒಳಗಿನ ಗ್ರೀಸ್ ತೆಳ್ಳಗಾಗಿ ಶಟರಿನ ಬ್ಲೇಡುಗಳಿಗೆ ಇಳಿದರೆ ಅವು ಅಂಟಿಕೊಳ್ಳುತ್ತವೆ. ಲೆನ್ಸನ್ನು ಸೂರ್ಯನ ಕಡೆಗಂತೂ ತಿರುಗಿಸಿಡಬೇಡಿ.

ಅಕ್ಕಿಯಲ್ಲಿ ಹೂತಿಡಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅಕ್ಕಿ ತೇವ ಹೀರುವುದು ತೀರಾ ಕಡಿಮೆ, ಅದರ ತೌಡಿನ ಪುಡಿ ಸಂದಿಗೆ ಹೋಗಿ ಬೂಷ್ಟಿಗೆ ಊಟವಾಗುತ್ತದೆ. ಅಡುಗೆ ಸೋಡಾ ಒಳಗೆ ಉದುರಿಸಬೇಡಿ, ಶಟರಿಗೆ ಹೋದರೆ ಮುಗಿಯಿತು. ಊದುಬತ್ತಿ, ಸೆಂಟು, ಲೋಬಾನದ ಹೊಗೆ ಯಾವುದೂ ಬೇಡ. ಅವೆಲ್ಲ ವಾಸನೆಯ ಮೇಲೆ ವಾಸನೆ. ಒಳಗೆ ತೇವ ಇದೆ ಅಂತ ನಿಮಗೆ ಹೇಳುತ್ತಿರುವುದು ಆ ವಾಸನೆಯೊಂದೇ, ಅದನ್ನೂ ಮುಚ್ಚಿಬಿಟ್ಟರೆ ಒಳಗೆ ಏನಾಗುತ್ತಿದೆ ಅಂತ ಗೊತ್ತಾಗುವುದೇ ಇಲ್ಲ. ನನಗೆ ಆಗಿದ್ದೂ ಅದೇ. ಡಾಂಬರ್ ವಾಸನೆ ಬರುತ್ತಿದೆ ಅಂದಮೇಲೆ ಎಲ್ಲ ಸರಿ ಇದೆ ಅಂದುಕೊಂಡೆ.

ಪೂರ್ತಿ ಒಣಗಿದ ಮೇಲೆ ಮಾತ್ರ ಡಬ್ಬಿ. ಅದರಲ್ಲಿ ಬಟ್ಟೆ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಕಾಳು, ಬಣ್ಣ ಬದಲಾಗುವಂಥದ್ದು. ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ತಾಸು ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇಡಿ. ಶೇಕಡಾ 40ರಿಂದ 50ರ ಒಳಗೆ ಇದ್ದರೆ ಸಾಕು. ನಾನು ಈಗ ತಿಂಗಳಿಗೊಮ್ಮೆ ಡಬ್ಬಿ ತೆರೆದು, ಮೀಟರ್ ನೋಡಿ, ಶಟರನ್ನು ನಾಲ್ಕೈದು ಸಲ ಒತ್ತಿ ಮತ್ತೆ ಮುಚ್ಚುತ್ತೇನೆ.

ಈಗ ಮಳೆಗಾಲ, ನೀವು ಇದೆಲ್ಲ ಇವತ್ತೇ ಮಾಡೋಕೆ ಆಗಲ್ಲ. ಇವತ್ತು ರಾತ್ರಿ ಇಷ್ಟು ಮಾಡಿ. ಕ್ಯಾಮೆರಾನ ಕೇಸಿನಿಂದ ತೆಗೆದು, ಟ್ರಂಕಿಗೆ ವಾಪಸ್ ಹಾಕದೆ, ಗೋಡೆಗೆ ತಾಗದ ಹಾಗೆ ಎತ್ತರದ ಕಡೆ ಬಟ್ಟೆ ಮುಚ್ಚಿ ಇಡಿ. ಟಾರ್ಚ್ ಹಾಕಿ ಲೆನ್ಸ್ ನೋಡಿ, ಏನು ಕಂಡಿತು ಅಂತ ಕೆಳಗೆ ಬರೆಯಿರಿ. ಜೇಡರ ಬಲೆಯಂಥ ಎಳೆ ಒಂದು ಕಂಡರೂ ಬೇಸಿಗೆ ಬರಲಿ ಅಂತ ಕಾಯಬೇಡಿ, ಈ ವಾರವೇ ಲೆನ್ಸ್ ಬಿಚ್ಚಲು ಬರುವವರ ಹತ್ತಿರ ತಗೊಂಡು ಹೋಗಿ.